ಯಾವುದು ತಗೊಳ್ಳಲಿ ಎಂದು ಕೇಳಿದ ಸಾಹೇಬರು

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅನ್ನುತ್ತಾರೆ. ಯಾರು ಮಾಡಿದ ಕಾನೂನೋ ಕಾಣೆ. ನಮ್ಮ ಸಾಹೇಬರು ತೀರಿಕೊಂಡು ಮೂರು ತಿಂಗಳಾಯಿತು, ನನಗೆ ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮೊನ್ನೆ ಭಾನುವಾರ ಕರ್ಕ್‌ಲ್ಯಾಂಡಿನ ಶ್ರೀಧರನ ಮನೆಯಲ್ಲಿ ನಮ್ಮ ಕ್ಯಾಂಪಿಂಗ್ ಗುಂಪಿನ ಐದೂ ಮನೆಯವರು ಸೇರಿ ಅವರನ್ನು ನೆನೆದುಕೊಂಡೆವು. "ಎಂಥಾ ಸಾಧು ಮನುಷ್ಯ, ಯಾರಿಗೂ ಒಂದು ದಿನ ಭಾರ ಆಗ್ಲಿಲ್ಲ" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಲ್ಲೇ ಕೂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಅಲ್ಲಿ ನುಂಗಿಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಅವರ ಹೆಂಡತಿಯ ಒಪ್ಪಿಗೆ ಇದೆ. ಹೆಸರು ಮಾತ್ರ ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ.

ವಿಷಯ ಇಷ್ಟು. ಸಾಹೇಬರ ಹೆಂಡತಿಗೆ, ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುವವರಿಗೆ, ಆರು ವರ್ಷದಿಂದ ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ. ದಿನಾ ರಾತ್ರಿ ಹೊಟ್ಟೆಗೆ ಹಾಕಿದ ಕೊಳವೆಯನ್ನು ಮಂಚದ ಪಕ್ಕದ ಯಂತ್ರಕ್ಕೆ ಸಿಕ್ಕಿಸಿಕೊಂಡು ಎಂಟೊಂಬತ್ತು ಗಂಟೆ ಮಲಗಿರಬೇಕು. ಡಯಾಲಿಸಿಸ್ ಮನೆಯಲ್ಲೇ ಆಗುತ್ತದೆ ನಿಜ, ಆದರೆ ಕೋಣೆ ಒಣಗಿರಬೇಕು, ಚೊಕ್ಕಟವಾಗಿರಬೇಕು. ಸೋಂಕು ತಗುಲಿದರೆ ಜೀವಕ್ಕೇ ಬಂತು. ಕಾಯಿಲೆ ಶುರುವಾದಾಗಿನಿಂದ ಆಪಾ ಒಂದು ರಾತ್ರಿಯೂ ಆ ಕೋಣೆ ಬಿಟ್ಟು ಮಲಗಿರಲಿಲ್ಲ. ಅವರಿಗಿದ್ದ ಆಸೆ ಒಂದೇ, ಬೇರೆ ಯಾವುದಾದರೂ ಜಾಗದಲ್ಲಿ ಬೆಳಗಾಗಬೇಕು, ಯೂಟಾದ ಕೆಂಪು ಬಂಡೆಗಳನ್ನು ನೋಡಬೇಕು. ಹೋಟೆಲಿನ ಕಾರ್ಪೆಟ್ಟನ್ನು ಅವರು ನಂಬರು. ಸ್ವಂತ ಕೋಣೆಯನ್ನೇ ಜೊತೆಗೆ ಎಳೆದುಕೊಂಡು ಹೋಗೋಣ ಎಂದು ಸಾಹೇಬರು ಫಿಫ್ತ್ ವೀಲ್ ಎಂಬ, ಮನೆಯಂತಿರುವ ಟ್ರೈಲರ್ ಕೊಳ್ಳಲು ಹೊರಟರು. ದುಬಾರಿಯದ್ದು ತಗೊಳ್ಳಲೋ ಅಗ್ಗದ್ದು ತಗೊಳ್ಳಲೋ ಎಂದು ಒಂದು ವರ್ಷ ನಮ್ಮನ್ನೆಲ್ಲ ಕೇಳಿದರು. ಯಾರಿಗಾಗಿ ಎಂಬುದನ್ನು ಮಾತ್ರ ಬಾಯಿ ಬಿಟ್ಟು ಹೇಳಲಿಲ್ಲ. ನಾವು ನಗುನಗುತ್ತ ತಪ್ಪು ಉತ್ತರ ಕೊಟ್ಟೆವು. ಅವರು ಅದರಂತೆಯೇ ನಡೆದುಕೊಂಡರು.

ಮನುಷ್ಯ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಮೈಸೂರಿನ ಮಂಡಿ ಮೊಹಲ್ಲಾದವರು. ರೆಂಟನ್ನಿನ ವಿಮಾನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದರು. ರೆಕ್ಕೆಯೊಳಗಿನ ಇಂಧನದ ಟ್ಯಾಂಕು ಸೋರದಂತೆ ಸಂದಿಗಳಿಗೆ ಸೀಲಂಟ್ ಹಚ್ಚುವುದು ಮೊದಲ ಕೆಲಸ, ಬೇರೆಯವರು ಹಚ್ಚಿದ್ದನ್ನು ತಪಾಸಣೆ ಮಾಡುವುದು ಆಮೇಲಿನ ಕೆಲಸ. ನಾವು ಗುಂಪಿನ ಗಂಡಸರೆಲ್ಲ ಸಾಫ್ಟ್‌ವೇರಿನವರು, ನಾನು ಬಾಥೆಲ್ಲಿನ ಕ್ಯಾನ್ಯನ್ ಪಾರ್ಕಿನಲ್ಲಿ ಕೀಲಿಮಣೆ ಕುಟ್ಟುವವನು. ಕೈಯಿಂದ ಏನಾದರೂ ಮಾಡಬಲ್ಲವರು ನಮ್ಮಲ್ಲಿ ಅವರೊಬ್ಬರೇ. ವಯಸ್ಸಿನಲ್ಲಿ ನಮಗಿಂತ ಹದಿನೈದು ವರ್ಷ ದೊಡ್ಡವರಾದರೂ ಎಲ್ಲರನ್ನೂ "ಸ್ವಾಮಿ" ಎಂದೇ ಕರೆಯುತ್ತಿದ್ದರು.

ಯಾರ ಮನೆಗೆ ಬಂದರೂ ಅವರ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಕಿಟಕಿಯ ಚೌಕಟ್ಟು, ಸಿಂಕಿನ ಅಂಚು, ಸ್ನಾನದ ಮನೆಯ ಟೈಲು, ಎಲ್ಲಿ ಎರಡು ವಸ್ತು ಕೂಡುತ್ತವೋ ಅಲ್ಲಿ ಹೆಬ್ಬೆರಳು ಹರಿದಾಡುತ್ತಿತ್ತು. ಮಾತು ಮಾತ್ರ ನಮ್ಮ ಜೊತೆಗೇ ನಡೆದಿರುತ್ತಿತ್ತು. ಒಮ್ಮೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ, "ಸ್ವಾಮಿ, ಈ ಕಿಟಕಿ ಕೆಳಗೆ ನೀರು ಹೋಗ್ತಾ ಇದೆ" ಎಂದರು. ನಾನು ನಕ್ಕೆ. ಹೊಸ ಮನೆ, ಎರಡು ವರ್ಷ ಕೂಡ ಆಗಿರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಗೋಡೆ ಒಡೆಸಬೇಕಾಯಿತು, ಒಳಗಿನ ಮರವೆಲ್ಲ ಕರ‍್ರಗಾಗಿತ್ತು. ಸಾಹೇಬರು ಬಂದು ನೋಡಿ ಒಂದೇ ಮಾತು ಹೇಳಿದರು. "ನೀರಿಗೆ ರಜೆ ಇಲ್ಲ ಸ್ವಾಮಿ." ಈ ಊರಿನಲ್ಲಿ ಅಕ್ಟೋಬರಿನಿಂದ ಮೇ ತನಕ ಬಿಡದ ಮಳೆಯಲ್ಲಿ ಬದುಕಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಸೂಕ್ಷ್ಮವಾದ ಮನುಷ್ಯ ತನ್ನ ಮನೆಯ ವಿಷಯದಲ್ಲಿ ಎಂಥ ಗಟ್ಟಿ ಮುಚ್ಚಳ ಹಾಕಿಕೊಂಡಿದ್ದರು ನೋಡಿ. ಯಾವ ಊಟಕ್ಕೆ ಕರೆದರೂ ಗಂಡ ಹೆಂಡತಿ ಏಳೂವರೆಗೆಲ್ಲ ಎದ್ದು ಹೊರಡುತ್ತಿದ್ದರು. "ನಮಾಜಿಗೆ ಹೊತ್ತಾಯ್ತು" ಅನ್ನುವರು. ಬೇಸಿಗೆಯಲ್ಲಿ ಇಲ್ಲಿ ಒಂಬತ್ತರವರೆಗೂ ಸೂರ್ಯ ಇರುತ್ತಾನೆ, ಅಷ್ಟು ಬೇಗ ಯಾವ ನಮಾಜು ಎಂದು ನಾವ್ಯಾರೂ ಯೋಚಿಸಲಿಲ್ಲ. ಕ್ಯಾಂಪಿಂಗಿಗೂ ಬೆಳಿಗ್ಗೆ ಬಂದು ಸಂಜೆ ವಾಪಸು. "ಸಾಹೇಬ್ರಿಗೆ ಮೆತ್ತನೆ ಹಾಸಿಗೆ ಬೇಕು" ಎಂದು ಶ್ರೀಧರ ರೇಗಿಸುತ್ತಿದ್ದ. ಅವರು ನಗುತ್ತಿದ್ದರು. ಅವರ ಗ್ಯಾರೇಜಿನ ಬಾಗಿಲು ತೆರೆದದ್ದನ್ನು ನಾವು ಕಂಡಿದ್ದೇ ಇಲ್ಲ. ತಿಂಗಳಿಗೊಮ್ಮೆ ಅಲ್ಲಿ ರಟ್ಟಿನ ಡಬ್ಬಗಳು ಇಳಿಯುವುದನ್ನು ಯಾರೋ ನೋಡಿ, ಆಪಾ ಬಿರಿಯಾನಿ ಮಸಾಲೆಯ ವ್ಯಾಪಾರ ಮಾಡುತ್ತಿದ್ದಾರೆ, ತೆರಿಗೆಗೆ ಹೆದರಿ ಹೇಳುತ್ತಿಲ್ಲ ಎಂದು ಸುದ್ದಿ ಹಬ್ಬಿಸಿದರು. ನನ್ನ ಹೆಂಡತಿ ಸುಮಾ ಒಂದು ದಿನ ಆಪಾರನ್ನೇ "ನಮಗೂ ಎರಡು ಪ್ಯಾಕೆಟ್ ಕೊಡಿ" ಎಂದು ಕೇಳಿಯೂ ಬಿಟ್ಟಳು. ಆಕೆ ಪಾಪ, ಮರುದಿನ ನಿಜವಾಗಿಯೂ ಮಸಾಲೆ ಹುರಿದು ಪುಡಿಮಾಡಿ ಕಳಿಸಿದರು. ಆ ಡಬ್ಬಗಳಲ್ಲಿ ಇದ್ದದ್ದು ಡಯಾಲಿಸಿಸ್ಸಿನ ದ್ರವದ ಚೀಲಗಳು.

ನಿವೃತ್ತರಾದ ವರ್ಷ ಅವರಿಗೆ ಟ್ರೈಲರಿನ ಹುಚ್ಚು ಹತ್ತಿತು ಎಂದುಕೊಂಡೆವು. ಫಿಫ್ತ್ ವೀಲ್ ಎಂದರೆ ಗಾಡಿಯ ಹಿಂದಿನ ಕೊಂಡಿಗೆ ಸಿಕ್ಕಿಸುವಂಥದ್ದಲ್ಲ. ಅದರ ಕತ್ತು ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೇ ಬಂದು ಕೂರುತ್ತದೆ, ಆ ಕತ್ತಿನೊಳಗೆ ಎರಡು ಮೆಟ್ಟಿಲು ಹತ್ತಿದರೆ ಮಲಗುವ ಕೋಣೆ. ನಿಂತಾಗ ಗುಂಡಿ ಒತ್ತಿದರೆ ಪಕ್ಕದ ಗೋಡೆಯೇ ಹೊರಗೆ ಜರುಗಿ ಕೋಣೆ ಅಗಲವಾಗುತ್ತದೆ. ಎಳೆಯಲು ತಕ್ಕ ಹಳೆಯ ಟ್ರಕ್ಕೊಂದನ್ನು ಅವರು ಮೊದಲೇ ಕೊಂಡಿಟ್ಟಿದ್ದರು. ಟ್ರೈಲರಿನ ಆಯ್ಕೆ ಎರಡಕ್ಕೆ ಬಂದು ನಿಂತಿತ್ತು. ಒಂದು ದಪ್ಪ ಗೋಡೆಯದ್ದು, ಜೋಡಿ ಗಾಜಿನದ್ದು, ಅಡಿಯ ಸಾಮಾನಿನ ಗೂಡಿಗೂ ಬಿಸಿಗಾಳಿ ಬರುವಂಥದ್ದು. ಇನ್ನೊಂದು ಹೆಚ್ಚುಕಡಿಮೆ ಅರ್ಧ ಬೆಲೆಯದ್ದು, ತೆಳು ಗೋಡೆ, ಆದರೆ ನೋಡಲು ಥಳಥಳ. ಹಿಂಭಾಗದಲ್ಲಿ ಮಕ್ಕಳು ಮಲಗಲು ನಾಲ್ಕು ಅಟ್ಟದ ಮಂಚ.

ಒಂದು ಶನಿವಾರ ನನ್ನನ್ನೂ ಶ್ರೀಧರನನ್ನೂ ಮಾರಾಟದ ಅಂಗಳಕ್ಕೆ ಕರೆದುಕೊಂಡು ಹೋದರು. ಎರಡೂ ಅಕ್ಕಪಕ್ಕದಲ್ಲೇ ನಿಂತಿದ್ದವು. ಶ್ರೀಧರ ಅಗ್ಗದ್ದರೊಳಗೆ ನುಗ್ಗಿ ಟಿವಿ ಹಾಕಿದ, ಸುಳ್ಳು ಬೆಂಕಿಯ ಒಲೆ ಹಚ್ಚಿದ, ಅಟ್ಟದ ಮಂಚದ ಮೇಲೆ ಹತ್ತಿ ಕೂತ.

"ಸಾಹೇಬ್ರೆ, ಇದೇ ಇದೇ. ನಮ್ಮ ಮಕ್ಳೆಲ್ಲ ಇಲ್ಲೇ ಸ್ಲೀಪೋವರ್ ಮಾಡ್ಬೋದು."

"ಆಯ್ತು ಸ್ವಾಮಿ, ಮಕ್ಕಳು ಬರ್ಲಿ" ಎಂದರು ಸಾಹೇಬರು. ಅವರು ಮಂಡಿಯೂರಿ ಕೂತು, ಜರುಗುವ ಗೋಡೆಯ ಮೂಲೆಯಲ್ಲಿ ಹೆಬ್ಬೆರಳು ಓಡಿಸುತ್ತಿದ್ದರು. ಬಹಳ ಹೊತ್ತು ಅಲ್ಲೇ ಇದ್ದರು. ಆಮೇಲೆ ಮಾರುವವನನ್ನು ವಿಚಿತ್ರ ಪ್ರಶ್ನೆಗಳನ್ನೆಲ್ಲ ಕೇಳಿದರು. ಮಂಚದ ಪಕ್ಕ ಎಷ್ಟು ಪ್ಲಗ್ಗು ಇವೆ? ಕರೆಂಟು ಇಲ್ಲದ ಕಡೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ಹೊರಗೆ ಹಿಮ ಬಿದ್ದರೆ ಅಡಿಯ ಗೂಡಿನಲ್ಲಿ ನೀರು ಹೆಪ್ಪುಗಟ್ಟುತ್ತದೋ? ಮಲಗುವ ಕೋಣೆಗೆ ಸರಿಯಾದ ಬಾಗಿಲು ಇದೆಯೋ ಬರೀ ಪರದೆಯೋ? ಪ್ರತಿ ಪ್ರಶ್ನೆಗೂ ಆತ ದುಬಾರಿಯದ್ದರ ಕಡೆಗೇ ಕೈ ತೋರಿಸಿದ.

ನನಗೆ ಹಸಿವಾಗಿತ್ತು, ಬೇಸರವಾಗಿತ್ತು. ದೊಡ್ಡ ಬುದ್ಧಿವಂತನ ಹಾಗೆ ಹೇಳಿದೆ, "ಸಾಹೇಬ್ರೆ, ಹಾಸಿಗೆ ಇದ್ದಷ್ಟು ಕಾಲು ಚಾಚಿ. ವರ್ಷಕ್ಕೆ ನಾಲ್ಕು ವೀಕೆಂಡ್ ಹೋಗೋದಕ್ಕೆ ಅರಮನೆ ಯಾಕೆ? ನೀವೇನು ಅದರಲ್ಲಿ ಆಸ್ಪತ್ರೆ ಇಡ್ತೀರಾ?"

ಆ ಮಾತು ನನ್ನ ಬಾಯಿಂದಲೇ ಬಂತು. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ. ಸಾಹೇಬರು ನನ್ನ ಮುಖವನ್ನೇ ನೋಡಿದರು. ಆಗಲಾದರೂ "ಹೌದು ಕಣಯ್ಯಾ, ಆಸ್ಪತ್ರೆಯೇ ಇಡಬೇಕು" ಎಂದು ಕೆನ್ನೆಗೆ ಬಾರಿಸಿದ ಹಾಗೆ ಹೇಳಬಹುದಿತ್ತು. ಅಲ್ಲೇ ಬಾಯಿ ಮುಚ್ಚಿಕೊಂಡು ದುಬಾರಿಯದ್ದನ್ನೇ ನಾವು ತೊಳೆದು ಒರೆಸಿ ಮನೆಗೆ ತರುತ್ತಿದ್ದೆವು. ಅವರು ಹೇಳಿದ್ದು, "ನೀವು ಹೇಳೋದೂ ಸರಿ ಸ್ವಾಮಿ."

ಸಾಲದು ಎಂದು ನಾನು ಮನೆಗೆ ಬಂದು ಒಂದು ಸ್ಪ್ರೆಡ್‌ಶೀಟ್ ಕೂಡ ಮಾಡಿ ಕಳಿಸಿದೆ. ತೂಕ, ಉದ್ದ, ಮರುಮಾರಾಟದ ಬೆಲೆ, ಒಂಬತ್ತು ಕಾಲಂ. ಅಗ್ಗದ್ದು ಒಂಬತ್ತರಲ್ಲಿ ಆರು ಗೆದ್ದಿತು. ಗುಂಪಿನ ವಾಟ್ಸಾಪಿನಲ್ಲಿ ಹೆಬ್ಬೆರಳೆತ್ತಿದ ಗುರುತುಗಳು ಸಾಲುಸಾಲಾಗಿ ಬಿದ್ದವು. ಅವರೂ ಒಂದು ಹಾಕಿದರು. ಗಾಡಿ ಬಂದ ದಿನ ಶ್ರೀಧರನ ಹೆಂಡತಿ ಚಕ್ರದಡಿಗೆ ನಿಂಬೆಹಣ್ಣು ಇಟ್ಟಳು. ಸಾಹೇಬರು ಬಿಸ್ಮಿಲ್ಲಾ ಹೇಳಿ ಅದರ ಮೇಲೇ ಹತ್ತಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಪಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಇಬ್ಬರೂ ಹೊರಟರು. ಮೂರು ವಾರದ ಪ್ರವಾಸ ಎಂದಿದ್ದವರು ಆರನೆಯ ದಿನಕ್ಕೇ ವಾಪಸು ಬಂದರು. ಯೂಟಾಗೆ ಹೋಗುವ ದಾರಿಯ ಐಡಾಹೊದಲ್ಲಿ ಎರಡು ದಿನ ಎಡೆಬಿಡದೆ ಮಳೆ ಹೊಡೆದಿತ್ತು. ಜರುಗುವ ಗೋಡೆಯ ಮೂಲೆಯಿಂದ ನೀರು ಇಳಿದು ಮಂಚದ ತಲೆಭಾಗ ತೊಯ್ದುಹೋಗಿತ್ತು. ಚಳಿಗೆ ಗೋಡೆಗಳೆಲ್ಲ ಬೆವತಿದ್ದವು. ಆಪಾಗೆ ಹೊಟ್ಟೆಯಲ್ಲಿ ಸೋಂಕಾಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ತೇವದಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅದರಿಂದಲ್ಲ ಎಂದೂ ಹೇಳಲಿಲ್ಲ. ಯೂಟಾ ಅಲ್ಲಿಗೆ ಮುಗಿಯಿತು. ನಮಗೆ ಸಿಕ್ಕ ಸುದ್ದಿ, ಆಪಾಗೆ ಫುಡ್ ಪಾಯ್ಸನ್. ನಾನು ಫೋನು ಮಾಡಿ, "ಏನ್ ಸಾಹೇಬ್ರೆ, ದಾರೀಲಿ ಜಗಳ ಆಡ್ಕೊಂಡು ಬಂದ್ರಾ?" ಎಂದು ತಮಾಷೆ ಮಾಡಿದೆ. "ಹವಾ ಸರಿ ಇರ್ಲಿಲ್ಲ ಸ್ವಾಮಿ" ಎಂದರು. ಒಂದು ಬೈಗುಳ ಇಲ್ಲ, ಒಂದು ನಿಟ್ಟುಸಿರೂ ಇಲ್ಲ.

ಆ ಚಳಿಗಾಲವೆಲ್ಲ ಅವರು ಟ್ರೈಲರ್ ನಿಲ್ಲಿಸಿದ ಬಾಡಿಗೆ ಅಂಗಳದಲ್ಲೇ ಇರುತ್ತಿದ್ದರು. ಒಮ್ಮೆ ರೆಂಟನ್ನಿಗೆ ಏನೋ ಕೆಲಸಕ್ಕೆ ಹೋದವನು ಇಣುಕಿದೆ. ಜಿನುಗು ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು, ಏಣಿ ಹತ್ತಿ ನಿಂತು, ಮೂಲೆಯ ಹಳೆಯ ಸೀಲಂಟನ್ನೆಲ್ಲ ಇಂಚಿಂಚಾಗಿ ಕೆರೆದು ತೆಗೆದು ಹೊಸದನ್ನು ಹಚ್ಚುತ್ತಿದ್ದರು. ಅರವತ್ತೇಳು ವರ್ಷದ ಮನುಷ್ಯ.

"ವಾರಂಟಿ ಇದೆಯಲ್ಲ ಸಾಹೇಬ್ರೆ, ಅವರೇ ಮಾಡ್ಕೊಡ್ಲಿ" ಎಂದೆ.

"ಅವರು ಮಾಡಿದ್ದೇ ಇದು ಸ್ವಾಮಿ."

ಅದೊಂದೇ ಸಲ ಅವರ ಮಾತಿನಲ್ಲಿ ಸ್ವಲ್ಪ ಖಾರ ಕಂಡಿದ್ದು. ನಾನು ನಕ್ಕು, ಕಾಫಿ ಕುಡಿಯೋಣ ಬನ್ನಿ ಎಂದು ಕರೆದೆ. ಬರಲಿಲ್ಲ, ಅಂಟು ಒಣಗುವುದರೊಳಗೆ ಮುಗಿಸಬೇಕು ಎಂದರು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಮಾಜು ಮುಗಿಸಿ ಎದ್ದವರು ಅಲ್ಲೇ ಕುಸಿದರಂತೆ. ಹೃದಯ. ಮರುದಿನ ಮಧ್ಯಾಹ್ನ ಮಣ್ಣಾಯಿತು. ನಾನೂ ಹೆಗಲು ಕೊಟ್ಟೆ, ಮೂರು ಹಿಡಿ ಮಣ್ಣು ಹಾಕಿದೆ. ಆಗ ನನಗಿದ್ದದ್ದು ದುಃಖ ಮಾತ್ರ.

ಸಿಟ್ಟು ಬಂದಿದ್ದು ಆರು ವಾರ ಕಳೆದ ಮೇಲೆ. ಟ್ರೈಲರ್ ಮಾರಬೇಕು, ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಹಾಕಿಕೊಡು ಎಂದು ಆಪಾ ಕರೆಸಿದರು. ಹೋದೆ. ಗ್ಯಾರೇಜಿನ ಬಾಗಿಲು ಹಾರುಹೊಡೆದಿತ್ತು, ಒಳಗೆ ಸೂರಿನ ತನಕ ಡಬ್ಬಗಳು. ಮುಚ್ಚುವವರೇ ಹೋದ ಮೇಲೆ ಮುಚ್ಚುವುದೇನು ಎಂಬಂತೆ ಆಪಾ ಎಲ್ಲವನ್ನೂ ಹೇಳಿದರು. ಕಿಡ್ನಿ, ಯಂತ್ರ, ಐಡಾಹೊ, ಆಸ್ಪತ್ರೆ. ನಾನು ಲ್ಯಾಪ್‌ಟಾಪ್ ತೆಗೆದು ಜಾಹೀರಾತು ಬರೆಯತೊಡಗಿದೆ. ಉದ್ದ ಬರೆದೆ, ವರ್ಷ ಬರೆದೆ.

"ಮಲಗೋ ರೂಮಿನ ಮೂಲೆ ಸೋರ್ತಾ ಇತ್ತು, ಮನೆಯವರು ರಿಪೇರಿ ಮಾಡಿದಾರೆ, ಅಂತಾನೂ ಬರಿ" ಎಂದರು ಆಪಾ. "ಮುಚ್ಚಿಟ್ಟು ಮಾರೋದು ಬೇಡಪ್ಪ. ತಗೊಳ್ಳೋರಿಗೆ ಮೊದಲೇ ಗೊತ್ತಿರಬೇಕು."

ನನ್ನ ಪಿತ್ತ ನೆತ್ತಿಗೇರಿತು. ಲ್ಯಾಪ್‌ಟಾಪ್ ಧಡಾರನೆ ಮುಚ್ಚಿದೆ. "ಆಪಾ, ಗುರುತು ಪರಿಚಯ ಇಲ್ಲದ ಯಾರೋ ತಗೊಳ್ಳೋನಿಗೆ ಎಲ್ಲಾ ಗೊತ್ತಿರಬೇಕು, ನಮಗೆ ಗೊತ್ತಿರೋದು ಬೇಡ್ವಾ? ಹತ್ತು ವರ್ಷದಿಂದ ನಿಮ್ಮನೇಲಿ ಉಂಡೋರು ನಾವು. ಆ ಮನುಷ್ಯನಿಗೆ ಬುದ್ಧಿ ಬೇಡ್ವಾ? ಒಂದು ವರ್ಷ ನಮ್ಮ ಬಾಯಲ್ಲಿ ಏನೇನೋ ಆಡಿಸಿದ್ರಲ್ಲ, ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು? ನಾವೇನು ಡಂಗುರ ಹೊಡೀತಿದ್ವಾ?"

ಆರು ವಾರದ ಹಿಂದೆ ಗಂಡನನ್ನು ಕಳೆದುಕೊಂಡವರ ಮುಂದೆ ಹೀಗೆ ಕೂಗಿದೆನಲ್ಲ ಎಂದು ಅಂದ ಮೇಲೆ ನಾಚಿಕೆಯಾಯಿತು. ಆಪಾ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದು ನಾನೇ" ಎಂದರು. "ಮಗಳಿಗೆ ಗಂಡು ನೋಡ್ತಾ ಇದ್ವಿ. ತಾಯಿಗೆ ಕಿಡ್ನಿ ಇಲ್ಲ ಅಂದ್ರೆ ಮಗಳಿಗೂ ಬರುತ್ತೋ ಏನೋ ಅಂತಾರೆ, ಸಂಬಂಧ ತಪ್ಪುತ್ತೆ ಅಂತ ಹೆದರಿಕೆ. ಮದುವೆ ಆದ್ಮೇಲೆ ಒಂದಿನ ಅಳಿಯ ಕೇಳ್ತಾನೆ, ಅಮ್ಮಿ, ಡಯಾಲಿಸಿಸ್ ಹೇಗೆ ನಡೀತಾ ಇದೆ ಅಂತ. ನಮ್ಮ ಮಗಳು ಅವನನ್ನ ನೋಡಿದ ಮೊದಲನೇ ದಿನವೇ ಹೇಳಿಬಿಟ್ಟಿದ್ಲಂತೆ."

"ಅಳಿಯ ಕೇಳಿದ್ದು ಯಾವಾಗ?"

"ಐಡಾಹೊದಿಂದ ಬಂದ್ಮೇಲೆ. ಆಸ್ಪತ್ರೇಲಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಯಾರಿಂದ ಮುಚ್ಚಿಡಬೇಕಿತ್ತೋ ಅವರಿಗೆಲ್ಲ ಮೊದಲೇ ಗೊತ್ತಿತ್ತು, ಗೊತ್ತಿಲ್ಲದವರು ನಾವು ಮಾತ್ರ. "ಅಲ್ಲಾ ಆಪಾ, ಹೋಗಲಿ, ಆಣೆ ಇತ್ತು. ಆ ಮೂಲೆ ಸೋರುತ್ತೆ ಅಂತ ಅವರ ಕೈಗೆ ಗೊತ್ತಾಗ್ಲಿಲ್ವಾ? ನಮ್ಮನೆ ಕಿಟಕಿ ಉಪ್ಪಿಟ್ಟು ತಿಂತಾ ತಿಂತಾ ಹೇಳಿದೋರು."

"ಗೊತ್ತಾಗಿತ್ತು. ಮನೆಗೆ ಬಂದು ಹೇಳಿದ್ರು, ನೀರು ನುಗ್ಗೋ ಮಾಲು ಅಂತ."

"ಗೊತ್ತಿದ್ದೂ ತಗೊಂಡ್ರಾ? ಎಂಥಾ ಮನುಷ್ಯ ರೀ ಅವರು. ಅದಕ್ಕೆ ಒಳ್ಳೇತನ ಅಂತಾರಾ? ಹೇಡಿತನ ಅಂತಾರೆ."

"ಬೈ" ಎಂದರು ಆಪಾ. "ಇನ್ನೊಂದಿಷ್ಟು ಬೈ. ಆರು ವಾರದಿಂದ ಈ ಮನೆಗೆ ಬಂದೋರೆಲ್ಲ ಫರಿಶ್ತಾ, ಫರಿಶ್ತಾ ಅಂತಾನೇ ಹೇಳ್ತಾರೆ. ದೇವದೂತ ಅಂತೆ. ಆ ದೇವದೂತನ ಜೊತೆ ನಲವತ್ತು ವರ್ಷ ಬಾಳಿದೋಳು ನಾನು. ನನಗೆ ಎಷ್ಟು ಸಿಟ್ಟಿದೆ ಅಂತ ಒಬ್ಬರೂ ಕೇಳ್ಲಿಲ್ಲ."

ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಆಪಾ ನಡುನಡುವೆ ಉರ್ದುವಿನಲ್ಲಿ ತಮ್ಮ ಪಾಲನ್ನೂ ಸೇರಿಸಿದರು. ಸುಸ್ತಾದ ಮೇಲೆ, ಒಂದು ವರ್ಷ ನಮ್ಮ ಗುಂಪಿನಲ್ಲಿ ಯಾರೊಬ್ಬರೂ ಕೇಳದೆ ಇದ್ದ ಪ್ರಶ್ನೆಯನ್ನು ಕೇಳಿದೆ.

"ಆಪಾ, ನಿಮಗೆ ಯಾವುದು ಬೇಕಿತ್ತು?"

"ದುಬಾರೀದು" ಎಂದರು, ಯೋಚಿಸದೆ. "ಅದರ ಫೋಟೋ ತೋರಿಸಿದ್ರು. ಮಂಚದ ಪಕ್ಕಕ್ಕೇ ಉದ್ದಕ್ಕೆ ಒಂದು ಕಿಟಕಿ. ನಾನು ಮಲಗಿದ ಕಡೆಯಿಂದ ಏಳೋ ಹಾಗಿಲ್ಲವಲ್ಲ, ಅದರಲ್ಲಾದ್ರೆ ಮಲಗಿದ್ದಲ್ಲಿಂದಾನೇ ಬೆಳಕು ಹರಿಯೋದು ಕಾಣ್ತಿತ್ತು. ಇದರಲ್ಲಿ ಅಲ್ಲಿ ಬಟ್ಟೆ ಬೀರು ಇದೆ."

"ಅವರಿಗೆ ಹೇಳಬೇಕಿತ್ತು ನೀವು."

"ಹೇಳಿದ್ದೆ. ಇದೇ ಬೇಕು ಅಂತ ಹಟಾನೂ ಮಾಡಿದ್ದೆ. ಅವರು ನಿನ್ನ ಆ ಕಾಗದ ತೋರಿಸಿದ್ರು, ಒಂಬತ್ತು ಸಾಲಿಂದು. ಓದಿದ ಹುಡುಗರು ಇಷ್ಟು ಕಷ್ಟಪಟ್ಟು ಲೆಕ್ಕ ಹಾಕಿ ಕೊಟ್ಟಿದಾರೆ, ಕಾರಣ ಹೇಳದೆ ಹೇಗೆ ಬೇಡ ಅನ್ನಲಿ, ಬೇಜಾರ್ ಮಾಡ್ಕೋತಾರೆ, ಅಂದ್ರು."

ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಏಳಲು ಹೋದೆ.

"ಎಲ್ಲಿಗೆ?" ಎಂದರು ಆಪಾ. "ಅವರದ್ದು ಮುಗೀತು. ಈಗ ನಿನ್ನನ್ನ ಬೈಬೇಕು ನಾನು. ಕೂತ್ಕೋ."

ಕೂತೆ.